ತತ್ತಿಯ ಲೋಳೆಯಲ್ಲಿ ಬೆಳೆದ ಬಣ್ಣ

ನಾನು ಪಿಎಚ್.ಡಿ.ಗೆ ಸೇರಿದ ಎರಡನೇ ವರ್ಷದ ಬೇಸಿಗೆಯಲ್ಲಿ ನಮ್ಮ ಪ್ರಯೋಗಾಲಯದ ಫ್ರಿಜ್ಜಿನಲ್ಲಿದ್ದ ಪ್ರೋಟೀನಿನ ಪುಡಿ ಮುಗಿದುಹೋಯಿತು. ವಿದೇಶದಿಂದ ಬರುವ, ಹೆಬ್ಬೆರಳಿನಷ್ಟು ಎತ್ತರದ ಬಾಟಲಿ ಅದು. ಹೊಸದು ತರಿಸಲು ಬರೆದ ಪತ್ರ ಮೂರು ಮೇಜು ದಾಟಿ ನಾಲ್ಕನೆಯದರ ಮೇಲೆ ಕೂತಿತ್ತು. ನಾನು ದಿನಾ ಹೋಗಿ ಆ ಮೇಜನ್ನು ನೋಡಿ ಬರುತ್ತಿದ್ದೆ. ಒಂದು ದಿನ ನನ್ನ ಗೈಡ್ ಮೇಡಂ ಕರೆದು ಕೇಳಿದರು.

"ಎಷ್ಟು ದಿನ ಹಿಂಗ ಕೂಡ್ತಿ?"

"ಪ್ರೋಟೀನ್ ಬರೂತನಕ ಏನೂ ಮಾಡಾಕ ಬರಂಗಿಲ್ರಿ ಮೇಡಂ."

"ತತ್ತಿ ತಗೊಂಡು ಬಾ."

ನನಗೆ ಅರ್ಥವಾಗಲಿಲ್ಲ. "ತತ್ತಿ ಅಂದ್ರ?"

"ತತ್ತಿ ಅಂದ್ರ ತತ್ತಿ. ಕೋಳಿದು. ಅದರ ಬಿಳಿ ಲೋಳೆಯೊಳಗ ನೀರು ಬಿಟ್ರ ಇರೋದೆಲ್ಲ ಪ್ರೋಟೀನೇ. ಶುದ್ಧ ಇರೂದಿಲ್ಲ, ಖರೆ. ಕೆಲಸ ಆಗ್ತದೋ ಇಲ್ಲೋ ಅದನ್ನರ ನೋಡು."

ನಾನು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಒಂದಿಷ್ಟು ಹೇಳಬೇಕು. ಕ್ಯಾಡ್ಮಿಯಂ ಸಲ್ಫೈಡ್ ಎಂಬುದೊಂದು ಅರೆವಾಹಕ. ಮೊಬೈಲು, ಸೋಲಾರ್ ಫಲಕಗಳ ಹೊಟ್ಟೆಯೊಳಗಿನ ಪದಾರ್ಥಗಳ ದೂರದ ನೆಂಟ. ಕ್ಯಾಡ್ಮಿಯಂ ಉಪ್ಪಿನ ನೀರಿಗೆ ಸಲ್ಫೈಡ್ ನೀರನ್ನು ಸುಮ್ಮನೆ ಸುರಿದರೆ ಕಣ್ಣು ಮಿಟುಕಿಸುವುದರೊಳಗೆ ಹಳದಿ ಗಸಿಯೊಂದು ತಳಕ್ಕೆ ಇಳಿಯುತ್ತದೆ, ಅಷ್ಟೇ. ಆದರೆ ಮೊದಲು ಕ್ಯಾಡ್ಮಿಯಮ್ಮನ್ನು ಪ್ರೋಟೀನಿನ ದ್ರಾವಣದಲ್ಲಿ ಬೆರೆಸಿಟ್ಟರೆ ಕಥೆಯೇ ಬೇರೆ. ಪ್ರೋಟೀನೆಂದರೆ ಉದ್ದನೆಯ ದಾರ, ತನ್ನಷ್ಟಕ್ಕೆ ಸುತ್ತಿಕೊಂಡು ಉಂಡೆಯಾಗಿರುತ್ತದೆ. ಆ ದಾರದಲ್ಲಿ ಅಲ್ಲಲ್ಲಿ ಗಂಧಕವಿರುವ ಜಾಗಗಳಿವೆ. ಅವು ಲೋಹವನ್ನು ಹಿಡಿದುಕೊಳ್ಳುತ್ತವೆ. ಆಮೇಲೆ ಸಲ್ಫೈಡನ್ನು ಹನಿಹನಿಯಾಗಿ ಬಿಟ್ಟರೆ ಆ ಜಾಗಗಳಲ್ಲೇ ಕಣಗಳು ಹುಟ್ಟಿ ಬೆಳೆಯತೊಡಗುತ್ತವೆ, ದಾರ ಅವನ್ನು ಸುತ್ತಿಕೊಂಡು "ಇಷ್ಟೇ ಸಾಕು" ಎಂದು ತಡೆಯುತ್ತದೆ. ಹಾಗೆ ತಡೆದು ನಿಂತ ಕಣಗಳನ್ನು ನೇರಳಾತೀತ ದೀಪದ ಕೆಳಗೆ ಹಿಡಿದರೆ ಹೊಳೆಯುತ್ತವೆ. ಬಹಳ ಚಿಕ್ಕವು ಹಸಿರಾಗಿ, ಸ್ವಲ್ಪ ದೊಡ್ಡವು ಹಳದಿಯಾಗಿ, ಇನ್ನೂ ದೊಡ್ಡವು ಕಿತ್ತಳೆ ಬಣ್ಣವಾಗಿ. ಪದಾರ್ಥ ಒಂದೇ, ಗಾತ್ರ ಬೇರೆಯಾದರೆ ಬಣ್ಣ ಬೇರೆ. ಎಂ.ಎಸ್‌ಸಿ. ಓದುವಾಗ ಇದನ್ನು ಮೊದಲ ಸಲ ಕೇಳಿದ ದಿನ ಮಧ್ಯಾಹ್ನ ಊಟಕ್ಕೆ ಹೋಗುವುದನ್ನೇ ಮರೆತು ಬೆಂಚಿನ ಮೇಲೆ ಕೂತಿದ್ದೆ.

ಆಗ ನಾನು ಕಲಬುರಗಿಯ ಬ್ರಹ್ಮಪುರದಲ್ಲಿ ಒಂದು ಕೋಣೆ ಹಿಡಿದಿದ್ದೆ. ಶಹಾಬಜಾರದ ಓಣಿಯೊಂದರಲ್ಲಿ ಮೊಟ್ಟೆಯದ್ದೇ ಅಂಗಡಿ ಇತ್ತು. ಅಲ್ಲಿ ನಾಲ್ಕು ಮೊಟ್ಟೆ ಕೊಂಡು, ಹಳೆ ಪೇಪರಿನಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು ಸಿಟಿ ಬಸ್ಸಿನಲ್ಲಿ ಕುಸನೂರಿನ ಕಡೆಯ ನಮ್ಮ ವಿಶ್ವವಿದ್ಯಾಲಯಕ್ಕೆ ಹೊರಟೆ. ಪಕ್ಕದಲ್ಲಿ ಕೂತವರು ಡಬ್ಬಿಯನ್ನು ಮೊಣಕಾಲಿನಿಂದ ತಳ್ಳಿದಾಗೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಪ್ರಯೋಗಾಲಯದಲ್ಲಿ ಹಳದಿಯನ್ನು ಬೇರೆ ಮಾಡಿ, ಬಿಳಿ ಲೋಳೆಯನ್ನು ನೀರಿನಲ್ಲಿ ತೆಳುವಾಗಿಸಿ, ತೆಳ್ಳನೆ ಬಟ್ಟೆಯಲ್ಲಿ ಸೋಸಿದೆ. ಕೈಗವಸು ಹಾಕಿಕೊಂಡು ಕ್ಯಾಡ್ಮಿಯಂ ಬೆರೆಸಿದೆ. ಒಂದು ತಾಸು ಬಿಟ್ಟು ಸಲ್ಫೈಡ್ ಹನಿಸಿದೆ. ಗಸಿ ಇಳಿಯಲಿಲ್ಲ. ನಸು ಹಳದಿಯ ತಿಳಿ ದ್ರಾವಣ ಹಾಗೇ ನಿಂತಿತು. ನಮ್ಮಲ್ಲಿ ನೇರಳಾತೀತ ದೀಪವಿರುವ ಒಂದು ಕಪ್ಪು ಪೆಟ್ಟಿಗೆ ಇದೆ, ಮೇಲಿನ ಕಿಂಡಿಗೆ ಕಣ್ಣು ಒತ್ತಿ ನೋಡಬೇಕು. ಶೀಶೆಯನ್ನು ಒಳಗಿಟ್ಟು ಗುಂಡಿ ಒತ್ತಿದೆ. ಹಸಿರು! ಎಳೆ ಹುಣಸೆ ಚಿಗುರಿನ ಹಸಿರು. ಐದು ರೂಪಾಯಿ, ಆರು ರೂಪಾಯಿಯ ಮೊಟ್ಟೆ, ವಿದೇಶದ ಬಾಟಲಿಯ ಕೆಲಸ ಮಾಡಿತ್ತು. ಮೇಡಂ ಬಂದು ಕಿಂಡಿಯಲ್ಲಿ ನೋಡಿ, "ಇದನ್ನ ಮತ್ತ ಮಾಡಿ ತೋರಸು," ಎಂದಷ್ಟೇ ಹೇಳಿ ಹೋದರು.

ಮತ್ತೆ ಮಾಡಿದಾಗಲೇ ಪೇಚು ಶುರುವಾದದ್ದು. ಮುಂದಿನ ವಾರ ಅದೇ ಅಂಗಡಿಯ ಮೊಟ್ಟೆ, ಅದೇ ಅಳತೆ, ಅದೇ ಶೀಶೆ. ಕಿಂಡಿಯಲ್ಲಿ ನೋಡಿದರೆ ಕಿತ್ತಳೆ. ಅದರ ಮುಂದಿನ ಸಲ ಹಳದಿ. ಆಮೇಲೊಮ್ಮೆ ಹಸಿರು, ಮತ್ತೆ ಕಿತ್ತಳೆ. ಮೊದಲು ನೀರಿನ ಮೇಲೆ ಅನುಮಾನಪಟ್ಟು ಬೇರೆ ವಿಭಾಗದಿಂದ ಶುದ್ಧ ನೀರು ತಂದೆ. ಗಾಜಿನ ಸಾಮಾನುಗಳನ್ನೆಲ್ಲ ಆಸಿಡ್‌ನಲ್ಲಿ ತೊಳೆದೆ. ನಮ್ಮ ಊರಿನ ಮಾರ್ಚ್ ತಿಂಗಳ ಬಿಸಿಲಿಗೆ ಏನು ಬೇಕಾದರೂ ಕೆಡಬಹುದು ಎಂದುಕೊಂಡು ಶೀಶೆಗಳನ್ನು ಐಸ್ ನೀರಿನಲ್ಲಿಟ್ಟು ಮಾಡಿದೆ. ಬಣ್ಣ ತನ್ನಿಷ್ಟದಂತೆ ಬದಲಾಗುತ್ತಲೇ ಇತ್ತು. ಹನಿ ಬಿಡುವ ನನ್ನ ಕೈಯೇ ಸರಿಯಿಲ್ಲವೇನೋ ಎಂದು ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದು ಹನಿಸಿದ್ದೂ ಉಂಟು.

ಆ ದಿನಗಳಲ್ಲೇ ಒಂದು ಭಾನುವಾರ ಕಮಲಾಪುರಕ್ಕೆ ಹೋದೆ. ಅಲ್ಲಿ ನನ್ನ ದೊಡ್ಡವ್ವ ಇದ್ದಾಳೆ, ನನ್ನ ಅವ್ವನ ಅಕ್ಕ. ಹೈಸ್ಕೂಲಿನಿಂದ ಇಲ್ಲಿಯವರೆಗೆ ನನ್ನನ್ನು ಓದಿಸಿದವಳು ಅವಳೇ. ಊರಿನ ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ನಾನು ಮೊಟ್ಟೆಯಲ್ಲಿ ಪ್ರಯೋಗ ಮಾಡುತ್ತಿದ್ದೇನೆಂದು ಕೇಳಿ ಅವಳಿಗೆ ನಗು.

"ಅಂಗಡ್ಯಾನ ತತ್ತಿಯೊಳಗ ಏನದ ಮಣ್ಣು? ಜವಾರಿ ಒಯ್ಯಿ," ಎಂದು ಪಕ್ಕದ ಮನೆಯ ಕೋಳಿಗಳು ಅಂದೂ ಹಿಂದಿನ ದಿನವೂ ಇಟ್ಟ ಎಂಟು ಮೊಟ್ಟೆಗಳನ್ನು ಜೋಳ ತುಂಬಿದ ಡಬ್ಬಿಯಲ್ಲಿ ಹುದುಗಿಸಿ ಕೊಟ್ಟಳು.

ಸೋಮವಾರ ಅವುಗಳಲ್ಲಿ ನಾಲ್ಕನ್ನು ಒಡೆದು ಎರಡು ಸಲ ಮಾಡಿದೆ. ಎರಡೂ ಸಲ ಗಾಢ ಕಿತ್ತಳೆ, ಅದುವರೆಗೆ ಕಂಡಿರದಷ್ಟು ಗಾಢ. ನನಗೆ ಉತ್ತರ ಸಿಕ್ಕೇಬಿಟ್ಟಿತು ಅನಿಸಿತು. ಜವಾರಿ ಅಂದರೆ ನಾಟಿ ಕೋಳಿ, ಹುಳು ತಿನ್ನುತ್ತದೆ, ಹುಲ್ಲು ತಿನ್ನುತ್ತದೆ, ಅದರ ಪ್ರೋಟೀನಿನಲ್ಲೇ ವ್ಯತ್ಯಾಸ! ಅಂಗಡಿಯವನು ಬೇರೆ ಬೇರೆ ಫಾರ್ಮಿನ ಮೊಟ್ಟೆ ಬೆರೆಸುತ್ತಾನೆ, ಅದಕ್ಕೇ ಬಣ್ಣ ಕುಣಿಯುತ್ತದೆ! ಶುಕ್ರವಾರ ವಿಭಾಗದ ಸಭೆಯಲ್ಲಿ ಎಲ್ಲರೆದುರು ನಿಂತು ಇದನ್ನು ಹೇಳಿಯೂ ಬಿಟ್ಟೆ. ಹಿಂದಿನ ಸಾಲಿನಲ್ಲಿದ್ದ ಸೀನಿಯರ್ ಒಬ್ಬರು, "ಹಂಗಾರ ಇನ್ನ ಮ್ಯಾಲ ಲ್ಯಾಬಿನಾಗ ಕೋಳಿ ಸಾಕೋಣ ಬಿಡ್ರಿ," ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮೇಡಂ ನಗಲಿಲ್ಲ.

"ಎಷ್ಟು ಸಲ ಮಾಡೀದಿ?"

"ಎರಡು ಸಲ ಮೇಡಂ."

"ಎರಡೂ ಒಂದೇ ದಿನ?"

"ಹೌದ್ರಿ."

"ಹಂಗಾರ ಒಂದೇ ಸಲ ಮಾಡಿದಂಗ. ಮತ್ತ ಮಾಡು."

ಮತ್ತೆ ಮಾಡುವಷ್ಟರಲ್ಲಿ ನನಗೆ ಜ್ವರ ಬಂತು. ಕೋಣೆಯಲ್ಲಿ ಗಂಜಿ ಕುಡಿದುಕೊಂಡು ಒಂದು ವಾರ ಮಲಗಿದೆ. ಉಳಿದ ನಾಲ್ಕು ಜವಾರಿ ಮೊಟ್ಟೆಗಳು ಜೋಳದ ಡಬ್ಬಿಯಲ್ಲಿ ಕಿಟಕಿ ಪಕ್ಕದಲ್ಲೇ ಇದ್ದವು. ಚೇತರಿಸಿಕೊಂಡು ಹೋದ ದಿನ ಅವನ್ನೇ ಒಡೆದೆ. ಕೆಟ್ಟಿರಲಿಲ್ಲ. ಕೆಲಸ ಮುಗಿಸಿ ಕಿಂಡಿಗೆ ಕಣ್ಣಿಟ್ಟೆ. ಹಸಿರು! ಅವೇ ಕೋಳಿಗಳು, ಅದೇ ಅಂಗಳ, ಅದೇ ಡಬ್ಬಿ. ನನ್ನ ಜವಾರಿ ಸಿದ್ಧಾಂತ ಕಣ್ಣೆದುರೇ ಕುಸಿದುಬಿತ್ತು. ಎಲ್ಲರೆದುರು ಹೇಳಿದ್ದೆನಲ್ಲ ಎಂಬ ನಾಚಿಕೆ ಒಂದು ಕಡೆ. ಆದರೆ ಕಿಂಡಿಯಿಂದ ಕಣ್ಣು ತೆಗೆಯಲು ಮನಸ್ಸಾಗಲಿಲ್ಲ. ಈ ನಾಲ್ಕು ಮೊಟ್ಟೆಗಳಿಗೆ ಇಷ್ಟು ದಿನಗಳಲ್ಲಿ ಏನಾಯಿತು? ಯಾರೂ ಅವನ್ನು ಮುಟ್ಟಿರಲಿಲ್ಲವಲ್ಲ.

ಆ ಶನಿವಾರ ಬೆಳಗಿನ ಬಸ್ಸಿಗೇ ಕಮಲಾಪುರಕ್ಕೆ ಹೋದೆ. ಮನೆಗೆ ಬೀಗ. ಶನಿವಾರ ಬೆಳಗಿನ ಶಾಲೆ, ಮಕ್ಕಳಿಗೆ ಮೊಟ್ಟೆ ಕೊಡುವ ದಿನ, ದೊಡ್ಡವ್ವ ಅಡುಗೆ ಕೋಣೆಯಲ್ಲಿದ್ದಳು. ದೊಡ್ಡ ಪಾತೇಲಿಯಲ್ಲಿ ಬೆಂದ ಮೊಟ್ಟೆಗಳನ್ನು ಎರಡು ಬುಟ್ಟಿಗಳಲ್ಲಿ ಇಳಿಸಿದ್ದರು. ನಾನೂ ಒಂದು ಮಣೆ ಎಳೆದುಕೊಂಡು ಸುಲಿಯಲು ಕೂತೆ. ನಾನು ಕೈ ಹಾಕಿದ ಬುಟ್ಟಿಯ ಮೊಟ್ಟೆಗಳದ್ದು ಪೀಕಲಾಟವೇ ಪೀಕಲಾಟ. ಸಿಪ್ಪೆಯ ಜೊತೆಗೆ ಬಿಳಿಯೂ ಚಕ್ಕೆ ಚಕ್ಕೆಯಾಗಿ ಕಿತ್ತುಬರುತ್ತಿತ್ತು. ಮೂರನೆಯದರ ಹೊತ್ತಿಗೆ ನನ್ನ ತಾಟಿನಲ್ಲಿದ್ದವು ಮೈಲಿ ಬಂದ ಮುಖದ ಹಾಗೆ ಕಾಣುತ್ತಿದ್ದವು. ದೊಡ್ಡವ್ವ ತನ್ನ ಬುಟ್ಟಿಯಿಂದ ಒಂದೊಂದನ್ನೇ ಎತ್ತಿ, ನೆಲಕ್ಕೆ ಬಡಿದು, ಅಂಗೈಯಲ್ಲಿ ಉರುಳಿಸಿ, ಸಿಪ್ಪೆಯನ್ನು ಒಂದೇ ಎಳೆತಕ್ಕೆ ತೆಗೆಯುತ್ತಿದ್ದಳು.

"ನಿನ್ನ ಕೈಯಾಗ ಹೆಂಗ ಬರ್ತದ ಹಂಗ?" ಎಂದೆ.

"ಕೈದಲ್ಲವ್ವ ಅದು, ತತ್ತಿದು. ನೀ ಹಿಡಿದದ್ದು ನಿನ್ನೆ ಬಂದ ಮಾಲು. ನಮ್ಮ ಹೊಸಾ ಅಡಗಿಯಾಕಿ ಗೊತ್ತಿಲ್ದ ಅವನ್ನೂ ಕುದಿಸ್ಯಾಳ. ತಾಜಾ ತತ್ತಿ ಸಿಪ್ಪಿ ಬಿಡೂದಿಲ್ಲ. ಮೂರ್ನಾಕು ದಿನ ಇಟ್ಟು ಕುದಿಸಿದ್ರ ನೋಡು, ಅಂಗಿ ಕಳದಂಗ ಬರ್ತದ."

"ಯಾಕ ಹಂಗ?"

"ಯಾಕಂತ ನನಗ್ಯಾರ ಹೇಳ್ಯಾರ? ಇಷ್ಟು ವರ್ಷ ಸುಲದು ಸುಲದು ಗೊತ್ತಾಗ್ಯಾದ. ಹಸೀದ ಒಡದ್ರೂ ತಿಳೀತದ. ತಾಜಾದ್ದು ತಾಟಿನಾಗ ಗುಡ್ಡಿ ಕಟ್ಟಿ ಕೂಡ್ತದ. ಹಳೇದು ನೀರಾಗಿ ಹರೀತದ."

ಅರ್ಧ ಸುಲಿದ ಮೊಟ್ಟೆ ನನ್ನ ಕೈಯಲ್ಲೇ ಉಳಿಯಿತು. ಒಡೆಯದ ಮೊಟ್ಟೆಯೊಳಗೂ ಲೋಳೆ ಸುಮ್ಮನಿರುವುದಿಲ್ಲ, ದಿನದಿನಕ್ಕೆ ಬದಲಾಗುತ್ತದೆ. ಇದು ಇವಳ ಬೆರಳಿಗೆ ಗೊತ್ತು. ನಾನು ನೀರು ಬದಲಿಸಿದೆ, ಗಾಜು ತೊಳೆದೆ, ಕೋಳಿಯ ಮೇವಿನವರೆಗೂ ಹೋದೆ. ಮೊಟ್ಟೆಗೆ ಎಷ್ಟು ದಿನವಾಗಿದೆ ಎಂದು ಮಾತ್ರ ಒಮ್ಮೆಯೂ ಕೇಳಿರಲಿಲ್ಲ.

"ಯಾಕ, ಏನಾತು? ಸುಟ್ಟತೇನು ಕೈ?" ಎಂದು ದೊಡ್ಡವ್ವ ಕೇಳಿದಳು.

"ಇಲ್ಲ ದೊಡ್ಡವ್ವ, ನನ್ನ ಬಣ್ಣದ ಗುಟ್ಟು ಸಿಕ್ಕಂಗ ಅದ. ನಾ ಈಗಲೇ ಹೋಗಬೇಕು."

"ಹೋಗೀಯಂತ. ಮೊದಲ ಆ ಬುಟ್ಟಿ ಮುಗಸು. ಹುಡುಗ್ರು ಸಾಲಾಗಿ ಕೂತಾವ."

ಬುಟ್ಟಿ ಮುಗಿಸಿಯೇ ಎದ್ದೆ. ಬಸ್ಸಿನಲ್ಲಿ ನನ್ನ ನೋಟ್‌ಬುಕ್ ತೆಗೆದು ಹಿಂದಿನ ಪುಟಗಳನ್ನೆಲ್ಲ ತಿರುವಿದೆ. ಮೊಟ್ಟೆ ಕೊಂಡ ದಿನ ಪ್ರತಿಸಲವೂ ಬರೆದಿದ್ದೆ, ಅದು ಅಂಗಡಿಗೆ ಬಂದ ದಿನ ಇಲ್ಲ. ಇನ್ನೂ ನಾಚಿಕೆಯ ಸಂಗತಿಯೆಂದರೆ, ಲೋಳೆಯ ಪಿಎಚ್ ಅನ್ನು, ಅಂದರೆ ಅದು ಹುಳಿಯ ಕಡೆಗಿದೆಯೋ ಕ್ಷಾರದ ಕಡೆಗಿದೆಯೋ ಎಂಬುದನ್ನು, ಮೊದಲ ದಿನ ಒಮ್ಮೆ ಕಾಗದದ ಪಟ್ಟಿ ಅದ್ದಿ ನೋಡಿ "ಸುಮಾರು ಒಂಬತ್ತು" ಎಂದು ಬರೆದಿಟ್ಟವಳು ಮತ್ತೆಂದೂ ಅಳೆದಿರಲಿಲ್ಲ. ಮೊಟ್ಟೆ ಎಂದ ಮೇಲೆ ಎಲ್ಲವೂ ಒಂದೇ ಅಂದುಕೊಂಡಿದ್ದೆ.

ಕಲಬುರಗಿ ತಲುಪಿದವಳೇ ನೇರ ಶಹಾಬಜಾರಕ್ಕೆ ಹೋದೆ. ಅಂಗಡಿಯ ಚಾಚಾ ಟ್ರೇಗಳನ್ನು ಜೋಡಿಸುತ್ತಿದ್ದರು.

"ಚಾಚಾ, ಈ ತತ್ತಿ ಯಾವಾಗ ಬಂದಾವ?"

ಅವರು ತಲೆ ಎತ್ತಿ ನೋಡಿದರು. "ಅಂಡಾ ಕೊಳ್ಳೋರು ಕೆಟ್ಟಾವೇನು, ಒಡದಾವೇನು ಅಂತ ಪೂಛ್ ಮಾಡ್ತಾರ. ಯಾವಾಗ ಬಂದಾವ ಅಂತ ಕೇಳಿದಾಕಿ ನೀನೇ ನೋಡು ಬೇಟಿ. ಸೋಮವಾರ ಒಂದು ಗಾಡಿ, ಗುರುವಾರ ಒಂದು ಗಾಡಿ. ಇವು ಗುರುವಾರದ್ದು, ಅವು ಹಿಂದಿನ ಸೋಮವಾರದ್ದು. ನಾ ಹಳೇವು ಪಹಿಲೇ ಮಾರ್ತೀನಿ."

"ಸೋಮವಾರ ಗಾಡಿ ಬಂದ ಕೂಡ್ಲೇ ನನಗ ಒಂದು ಟ್ರೇ ಇಡ್ರಿ. ಫಾರ್ಮಿನ್ಯಾಗ ಯಾವಾಗ ಇಟ್ಟಾವ ಅಂತನೂ ಕೇಳಿಡ್ರಿ."

"ಕೋಳಿದು ಜನ್ಮ ಕುಂಡಲಿ ಬೇಕೇನು ನಿನಗ?" ಎಂದು ನಕ್ಕರು. ಆದರೂ ಕೇಳಿಟ್ಟರು. ಸೋಮವಾರ ಬಂದವು ಹಿಂದಿನ ದಿನವಷ್ಟೇ ಇಟ್ಟ ಮೊಟ್ಟೆಗಳು.

ಆ ಟ್ರೇಯನ್ನು ನನ್ನ ಕೋಣೆಯ ಕಪಾಟಿನಲ್ಲಿಟ್ಟು ದಿನಕ್ಕೆ ಎರಡರಂತೆ ಒಯ್ದೆ. ಈ ಸಲ ಕಾಗದದ ಪಟ್ಟಿಯಲ್ಲ, ಮೀಟರಿನಲ್ಲೇ ಅಳೆದೆ. ಮೊದಲ ದಿನ ಎಂಟಕ್ಕಿಂತ ಕೆಳಗೆ. ಎರಡನೇ ದಿನ ಎಂಟು ದಾಟಿತು. ಆಮೇಲೆ ಏರುತ್ತ ಏರುತ್ತ ಒಂಬತ್ತು ದಾಟಿ ನಿಧಾನವಾಯಿತು. ಮೊಟ್ಟೆಯ ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ತಾಜಾ ಲೋಳೆಯಲ್ಲಿ ಕರಗಿರುವ ಇಂಗಾಲದ ಡೈ ಆಕ್ಸೈಡ್, ಸೋಡಾ ಬಾಟಲಿಯ ಗ್ಯಾಸಿನಂತೆ, ಆ ರಂಧ್ರಗಳಿಂದ ಸದ್ದಿಲ್ಲದೆ ಹೊರಹೋಗುತ್ತದೆ. ಅದು ಹೋದಂತೆಲ್ಲ ಲೋಳೆ ಕ್ಷಾರವಾಗುತ್ತದೆ. ಇದು ಪುಸ್ತಕದಲ್ಲಿ ಇದ್ದ ಸಂಗತಿಯೇ. ನಾನು ಆ ಪುಸ್ತಕ ತೆಗೆದಿರಲಿಲ್ಲ, ಏಕೆಂದರೆ ಅದು ಅರೆವಾಹಕದ ಪುಸ್ತಕವಲ್ಲ, ಆಹಾರದ ಪುಸ್ತಕ. ಲೋಳೆ ಕ್ಷಾರವಾದಷ್ಟೂ ಪ್ರೋಟೀನಿನ ಗಂಧಕದ ಜಾಗಗಳು ಲೋಹವನ್ನು ಬಿಗಿಯಾಗಿ ಹಿಡಿಯುತ್ತವೆ. ಬಿಗಿಯಾಗಿ ಹಿಡಿದರೆ ಕಣ ಚಿಕ್ಕದಾಗಿಯೇ ಉಳಿಯುತ್ತದೆ. ಚಿಕ್ಕದಾದರೆ ಹಸಿರು.

ಹತ್ತನೇ ದಿನ ಹತ್ತು ಶೀಶೆಗಳನ್ನು ಸಾಲಾಗಿ ಕಪ್ಪು ಪೆಟ್ಟಿಗೆಯಲ್ಲಿಟ್ಟು ಮೇಡಂ ಅವರನ್ನು ಕರೆದೆ. ಒಂದು ತುದಿಯಲ್ಲಿ ಕಿತ್ತಳೆ, ನಡುವೆ ಹಳದಿ, ಇನ್ನೊಂದು ತುದಿಯಲ್ಲಿ ಹಸಿರು. ಅವರು ಕಿಂಡಿಗೆ ಕಣ್ಣಿಟ್ಟು ಬಹಳ ಹೊತ್ತು ಬಗ್ಗಿಯೇ ಇದ್ದರು.

"ಯಾರು ಹೇಳಿದ್ರು ನಿನಗ ಇದು?"

"ನಮ್ಮ ದೊಡ್ಡವ್ವರಿ. ಬಿಸಿಯೂಟದ ಅಡಗಿ ಮಾಡ್ತಾಳ. ನಾಕನೇ ತನಕ ಸಾಲಿಗಿ ಹೋಗ್ಯಾಳ."

ಮೇಡಂ ಎದ್ದು ನಿಂತು ಕನ್ನಡಕ ಒರೆಸಿಕೊಂಡರು. "ತಾಜಾ ಲೋಳೆಗೆ ಕ್ಷಾರ ಹಾಕಿ ಹಳೇದರ ಪಿಎಚ್ ತನಕ ಏರಿಸು. ಹಸಿರು ಬರ್ತದೋ ನೋಡು. ಬಂದ್ರ ನಿನ್ನ ಮಾತು ಖರೆ. ಆಮ್ಯಾಲ ಅವರನ್ನ ಕರಕೊಂಡು ಬಾ."

ಮರುದಿನ ತಾಜಾ ಮೊಟ್ಟೆಯ ಲೋಳೆಗೆ ಕ್ಷಾರ ಹನಿಸಿ ಹಳೆಯದಕ್ಕೆ ಸರಿಸಮ ಮಾಡಿದೆ. ಬಣ್ಣ ಕಿತ್ತಳೆಯಿಂದ ಜಿಗಿದು ಹಸಿರಿನ ಹತ್ತಿರ ಬಂತು. ಹತ್ತಿರ ಅಷ್ಟೇ. ಪಕ್ಕದಲ್ಲಿ ಹಳೆ ಮೊಟ್ಟೆಯ ಶೀಶೆ ಇಟ್ಟರೆ ಇದರಲ್ಲಿ ಒಂದು ಎಳೆ ಹಳದಿ ಉಳಿದಿತ್ತು. ನಾಲ್ಕು ಸಲ, ನಾಲ್ಕು ಬೇರೆ ಬೇರೆ ದಿನ ಮಾಡಿದೆ. ಆ ಎಳೆ ಹೋಗಲಿಲ್ಲ. ಅಂದರೆ ಪಿಎಚ್ ಒಂದೇ ಅಲ್ಲ, ಇಟ್ಟಲ್ಲೇ ಇದ್ದು ಪ್ರೋಟೀನಿನ ಉಂಡೆಯ ಸುತ್ತುವಿಕೆಯೂ ಏನೋ ಬದಲಾಗುತ್ತದೆ. ಅದೇನು ಎಂಬುದು ನನಗೆ ಇನ್ನೂ ಪೂರ್ತಿ ತಿಳಿದಿಲ್ಲ.

ದೊಡ್ಡವ್ವ ಬಂದದ್ದು ಶಾಲೆಗೆ ರಜೆಯಿದ್ದ ಒಂದು ದಿನ. ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು, ಮೇಡಂ ಅವರಿಗೆಂದು ಕಮಲಾಪುರದ ಕೆಂಪು ಬಾಳೆಹಣ್ಣು ತಂದಿದ್ದಳು. ಪ್ರಯೋಗಾಲಯದಲ್ಲಿ ತಿನ್ನುವ ಪದಾರ್ಥ ಇಡಬಾರದೆಂದು ಅವನ್ನು ಮೇಡಂ ಕೋಣೆಯಲ್ಲೇ ಬಿಟ್ಟೆವು. ಕಪ್ಪು ಪೆಟ್ಟಿಗೆಯ ಕಿಂಡಿಗೆ ಕಣ್ಣಿಟ್ಟು ಅವಳು ಶೀಶೆಗಳನ್ನು ಒಂದೊಂದಾಗಿ ಎಣಿಸಿದಳು.

"ಇದೆಲ್ಲ ತತ್ತಿಯೊಳಗಿಂದು?"

"ತತ್ತಿ ಬೆಳೆಸಿದ್ದು. ಇದು ತಾಜಾದ್ದು, ಆ ಕಡಿಂದು ಹಳೇದು."

"ಮುಟ್ಟಲೇನು?"

"ಬ್ಯಾಡ ದೊಡ್ಡವ್ವ. ಇದರೊಳಗ ಕ್ಯಾಡ್ಮಿಯಂ ಅದ. ವಿಷ."

ಅವಳು ಕಿಂಡಿಯಿಂದ ತಟ್ಟನೆ ತಲೆ ತೆಗೆದಳು. "ವಿಷ? ನಾ ಹುಡುಗ್ರಿಗಿ ತಿನ್ನಸೂ ತತ್ತಿಯೊಳಗ ನೀ ವಿಷ ಕೂಡಸ್ತೀ?" ಆಮೇಲೆ ಮೇಡಂ ಕಡೆ ತಿರುಗಿ, "ಏನ್ರಿ ಮೇಡಮ್ಮೋರ, ವಿಷ ಇಲ್ದ ಹಿಂಗ ಹೊಳ್ಯಾಂಗಿಲ್ಲೇನ್ರಿ?" ಎಂದು ಕೇಳಿದಳು.

ಮೇಡಂ ನನ್ನ ಮುಖ ನೋಡಿದರು. "ಒಳ್ಳೇ ಪ್ರಶ್ನೆ ಕೇಳೀರಿ. ಸತುವಿನಿಂದನೂ ಮಾಡಾಕ ಬರ್ತದ್ರಿ. ಈಕಿಗೆ ಮಾಡಂತ ಹೇಳ್ತೀನಿ."

ಹಾಗೆ ನನ್ನ ಕೆಲಸ ಸತುವಿನ ಕಡೆ ಹೊರಳಿತು. ಸತುವಿನ ಸಲ್ಫೈಡಿಗೆ ಚೂರೇ ಚೂರು ಮ್ಯಾಂಗನೀಸ್ ಬೆರೆಸಿದರೆ ಅದೂ ಹೊಳೆಯುತ್ತದೆ. ಮೊದಲ ಎರಡು ತಿಂಗಳು ಮಜ್ಜಿಗೆಯಂಥ ಬಿಳಿ ನೀರು ಬಿಟ್ಟು ಬೇರೇನೂ ಸಿಗಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಮಂಕಾದ ಒಂದು ಹೊಳಪು ಕಂಡಿತು. ಫೋನಿನಲ್ಲಿ ಹೇಳಿದರೆ ದೊಡ್ಡವ್ವನಿಗೆ ಸತುವಿನ ಸುದ್ದಿ ಅರ್ಧವೇ ಬೇಕಾಗಿತ್ತು. ಅವಳದ್ದೇ ಬೇರೆ ಲೆಕ್ಕ ನಡೆದಿತ್ತು. ನಮ್ಮಲ್ಲಿಂದ ಹೋದ ಮೇಲೆ ಅವಳು ಬಂದ ಟ್ರೇಗಳ ಮೇಲೆ ವಾರದ ಹೆಸರು ಬರೆಸಿ, ಯಾವುದು ಎಷ್ಟನೇ ದಿನಕ್ಕೆ ಸಿಪ್ಪೆ ಬಿಡುತ್ತದೆಂದು ನೋಡುತ್ತಿದ್ದಳಂತೆ.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಅವಳೇ ಫೋನು ಮಾಡಿದಳು.

"ಏನವ್ವ, ನಿನ್ನ ಬಣ್ಣದ ಶೀಶೆ ಬ್ಯಾಸಿಗ್ಯಾಗ ಮಾಡಿದ್ದಲ್ಲ?"

"ಹೌದು. ಯಾಕ?"

"ಬ್ಯಾಸಿಗ್ಯಾಗ ನನ್ನ ತತ್ತಿ ಮೂರೇ ದಿನಕ್ಕ ಸಿಪ್ಪಿ ಬಿಡ್ತಿದ್ವು. ಈಗ ಥಂಡಿಯೊಳಗ ಆರು ದಿನ ಆದ್ರೂ ಬಿಡಾಕ ಒಲ್ಲವು. ನಿನ್ನವೂ ತಡಾ ಮಾಡ್ತಾವೇನು?"

ನನಗೆ ಗೊತ್ತಿರಲಿಲ್ಲ. ನನ್ನ ಹತ್ತು ಶೀಶೆಗಳೂ ಬೇಸಿಗೆಯ ಕಪಾಟಿನಲ್ಲಿ ಕೂತ ಮೊಟ್ಟೆಗಳವು. "ನೋಡಿ ಹೇಳ್ತೀನಿ ದೊಡ್ಡವ್ವ," ಎಂದೆ. ಮುಂದಿನ ಸೋಮವಾರವೇ ಒಂದು ಟ್ರೇ ತಂದು ಕಪಾಟಿನಲ್ಲಿಟ್ಟು, ಪಕ್ಕದಲ್ಲಿ ಒಂದು ಉಷ್ಣಮಾಪಕ ತೂಗುಹಾಕಿದೆ. ಆರನೇ ದಿನದ ಲೋಳೆ ಇನ್ನೂ ಗುಡ್ಡಿ ಕಟ್ಟಿ ಕೂತಿತ್ತು. ಅದರಲ್ಲಿ ಮಾಡಿದ ಶೀಶೆಯನ್ನು ಪೆಟ್ಟಿಗೆಯಲ್ಲಿಟ್ಟು ಗುಂಡಿ ಒತ್ತಿದೆ. ಕಿತ್ತಳೆಯೇ ಇತ್ತು. ಮೇಡಂಗಿಂತ ಮೊದಲು ಕಮಲಾಪುರಕ್ಕೆ ಫೋನು ಮಾಡಿದೆ.